ಹಳೇ ಇಂಜಿನ್ನಿನ ಹೊಸ ಕಷ್ಟಗಳು

ಮೈಲಾಪೂರ್‌ನಲ್ಲಿ ವಿದ್ಯುತ್ ರೈಲು ಹತ್ತುವ ನಮ್ಮಲ್ಲಿ ಎಷ್ಟು ಜನಕ್ಕೆ ಇ.ಐ.ಆರ್.-21 ಗೊತ್ತು? ಇದು 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ಉಗಿ ಇಂಜಿನ್. 1909ರಲ್ಲಿ ನಿವೃತ್ತಿಯಾಗಿ, ನೂರು ವರ್ಷ ಪ್ರದರ್ಶನದ ವಸ್ತುವಾಗಿ ನಿಂತಿತ್ತು. ನಮ್ಮ ಚೆನ್ನೈನ ಪೆರಂಬೂರು ಲೋಕೋ ವರ್ಕ್ಸ್‌ನವರು ರಿಪೇರಿ ಮಾಡಿ 2010ರಲ್ಲಿ ಮತ್ತೆ ಓಡಿಸಿದರು.

"ಕಲ್ಲಿದ್ದಲು ಹಾಕಿದರೆ ಓಡುತ್ತೆ, ಅದರಲ್ಲೇನು ಕಷ್ಟ?" ಅನ್ನಬಹುದು. ಕಷ್ಟವೆಲ್ಲ ಬಾಯ್ಲರಿನದು. ಗಡಸು ನೀರು ಕಾದಾಗ ಬಚ್ಚಲ ಹಂಡೆಯೊಳಗೆ ಸುಣ್ಣ ಕಟ್ಟುವುದಿಲ್ಲವೇ? ಇಲ್ಲೂ ಹಾಗೇ. ಆ ಪದರ ದಪ್ಪವಾದರೆ ಶಾಖ ನೀರಿಗೆ ದಾಟದೆ ಲೋಹವೇ ಸುಡುತ್ತದೆ. ಅದಕ್ಕೆ ಆಗಾಗ ಒಳಗೆಲ್ಲ ತೊಳೀಬೇಕು. ತಣ್ಣಗಿರುವ ಬಾಯ್ಲರಿಗೆ ಅವಸರದಲ್ಲಿ ಬೆಂಕಿ ಕೊಟ್ಟರೆ ಲೋಹ ಒಂದೇ ಸಮನೆ ಹಿಗ್ಗದೆ ಬೆಸುಗೆಗಳು ಸೋರುತ್ತವೆ. ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಬೇಕು. ಬೆಂಕಿಗೂಡಿನ ನೆತ್ತಿಯ ಮೇಲೆ ನೀರು ಕಡಿಮೆಯಾಗಲೂ ಕೂಡದು. ಆದರೆ ಸ್ಫೋಟದ ಭಯ.

ಸವೆದ ಭಾಗ ಅಂಗಡಿಯಲ್ಲಿ ಸಿಗೋದಿಲ್ಲ. ಅಳತೆ ತೆಗೆದು ಕಾರ್ಖಾನೆಯಲ್ಲೇ ಮಾಡಿಕೊಳ್ಳಬೇಕು. ಹೀಗೆ ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಅದು 1855ರ ಇಂಜಿನ್ನೇ ಆಗಿ ಉಳಿಯುತ್ತದೆಯೇ? ಹಾಗಾದರೆ ಓಡಿಸದೇ ಗಾಜಿನ ಮನೆಯಲ್ಲಿಟ್ಟರೆ ಆಗದೇ ಅಂದರೆ, ಇನ್ನೊಂದು ನಷ್ಟವಿದೆ. ಭಾರತದ ಬ್ರಾಡ್‌ಗೇಜಿನಲ್ಲಿ ಉಗಿ ಇಂಜಿನ್ನುಗಳ ದಿನನಿತ್ಯದ ಓಡಾಟ 1995ರಲ್ಲಿ ನಿಂತಿತು. ಆಗ ಬೆಂಕಿ ನೋಡಿಕೊಂಡವರೆಲ್ಲ ಈಗ ವಯಸ್ಸಾದವರು. ಬೆಂಕಿಯ ಬಣ್ಣ, ಉಗಿಯ ಸದ್ದು ನೋಡಿ ಕೇಳಿ ತಿಳಿಯುವ ವಿದ್ಯೆ ಪುಸ್ತಕದಿಂದ ಬರೋದಲ್ಲ. ಓಡಿಸಿದರೆ ಇಂಜಿನ್ ಸವೆಯುತ್ತೆ. ಓಡಿಸದಿದ್ದರೆ ಓಡಿಸೋ ವಿದ್ಯೆ ಹೋಗುತ್ತೆ.

ಗೆಳೆಯರೇ, ಅದು ಹೊರಡುವ ದಿನ ಸಿಕ್ಕರೆ ಬರೀ ಸಿಳ್ಳೆ ಕೇಳಿ ಬರಬೇಡಿ. ಬೆಂಕಿಯ ಮುಂದೆ ನಿಂತವರ ಕೈಕೆಲಸವನ್ನೂ ನೋಡಿ ಬನ್ನಿ.