ನೆಲ್ಲಿಮರದಡಿ ವಿಟಮಿನ್ ಸಿ ಜಾಡು

ಚಾಮರಾಜನಗರದಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ಹೊರಟರೆ, ಕುರುಚಲು ಕಾಡು ದಾಟಿ ಎಲೆಯುದುರುವ ಕಾಡು ಶುರುವಾಗುವಲ್ಲಿ ನೆಲ್ಲಿಮರಗಳು ಸಿಗುತ್ತವೆ. ಪುಷ್ಯ ಮಾಸದ ಹೊತ್ತಿಗೆ ರೆಂಬೆಯ ಮೈಗೇ ಕಾಯಿ ಕಚ್ಚಿಕೊಂಡಿರುತ್ತದೆ. ಇಲ್ಲಿರುವುದು ಎರಡು ಜಾತಿ: ನಾವೆಲ್ಲ ಬಲ್ಲ ಫಿಲ್ಲಾಂಥಸ್ ಎಂಬ್ಲಿಕಾ, ಇನ್ನೊಂದು ಫಿಲ್ಲಾಂಥಸ್ ಇಂಡೋಫಿಶೆರಿ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದ ಸೋಲಿಗರು ಎರಡನ್ನೂ ಕೊಯ್ಯುತ್ತಾರೆ. ಬಂದಳಿಕೆ ಹಬ್ಬಿದ ಮರದಲ್ಲಿ ಕಾಯಿ ಕಡಿಮೆ. ಸೋಲಿಗರು ಬಂದಳಿಕೆಯನ್ನು ಉಪ್ಪಿಲು ಎನ್ನುತ್ತಾರೆ; ನೆಲದ ತರಗೆಲೆಗೆ ತರಗು ಬೆಂಕಿ ಹಾಕುತ್ತಿದ್ದ ಕಾಲದಲ್ಲಿ ಉಪ್ಪಿಲು ಇಷ್ಟಿರಲಿಲ್ಲ ಎಂಬುದು ಅವರ ಅನುಭವ. ಆ ಮಾತಿಗೆ ಇನ್ನಷ್ಟು ಕಿವಿಗೊಡಬೇಕು.

ಮರದ ಮೇಲೆ ಮುಸುವ, ಕೆಳಗೆ ಜಿಂಕೆ. ಉದುರಿದ ಕಾಯನ್ನು ಜಿಂಕೆ ನುಂಗುತ್ತದೆ, ಆಮೇಲೆಲ್ಲೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತದೆ. ನೆಲ್ಲಿಯ ಸಸಿ ಕಾಡಿನಲ್ಲಿ ದೂರ ದೂರಕ್ಕೆ ಏಳುವುದು ಹೀಗೆ. ಜಿಂಕೆ ತನಗೆ ಬೇಕಾದ ವಿಟಮಿನ್ ಸಿಯನ್ನು ತನ್ನ ಪಿತ್ತಜನಕಾಂಗದಲ್ಲೇ ತಯಾರಿಸಿಕೊಳ್ಳುತ್ತದೆ. ಮುಸುವಕ್ಕೆ ಅದು ಆಗದು, ನಮಗೂ ಆಗದು. ಕೊನೆಯ ಹಂತದ ಕಿಣ್ವದ ಜೀನ್ ನಮ್ಮಿಬ್ಬರ ಪೂರ್ವಜರಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಜಿಂಕೆಗೆ ಬರೀ ಮೇವಾದ ಕಾಯಿ ಮುಸುವದ ಮರಿಗೂ ಸೋಲಿಗರ ಹಾಡಿಯಾದ ಪೋಡಿನ ಮಗುವಿಗೂ ಅದಕ್ಕಿಂತ ಹೆಚ್ಚಿನದು.

ಯಾವುದರಲ್ಲಿ ಯಾವ ವಿಟಮಿನ್ ಇದೆಯೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಗುಂಡ್ಲುಪೇಟೆ–ಊಟಿ ರಸ್ತೆಯ ಬದಿಯಲ್ಲಿ ಮುಂಗಾರಿಗೆ ಅರಳುವ ಚೆಂಡುಹೂವಿನ ಹೊಲ ನೋಡಿ. ಆ ಬಣ್ಣದ ಲೂಟೀನ್, ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್‌ಗೆ ಹತ್ತಿರದ ನೆಂಟ. ಆದರೂ ನಮ್ಮ ಮೈಯಲ್ಲಿ ಅದು ವಿಟಮಿನ್ ಎ ಆಗದು. ಬಣ್ಣವೇ ಇಲ್ಲದ ವಿಟಮಿನ್ ಸಿ ಮಾಸಲು ಹಸಿರು ನೆಲ್ಲಿಯಲ್ಲಿ ತುಂಬಿಕೊಂಡಿದೆ.

ಅದರ ಜಾಡು ಹಿಡಿಯಲು ಒಂದು ಗುಣ ಸಾಕು: ಅದು ಎಲೆಕ್ಟ್ರಾನುಗಳನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಅಣುವೊಂದಕ್ಕೆ ಎರಡರಂತೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನ ಜೆ.ಜಿ. ಮಂಜುನಾಥ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಬಿ.ಇ. ಕುಮಾರಸ್ವಾಮಿ ಅವರ ತಂಡಗಳು ಇಂಥ ಅಣುಗಳನ್ನು ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡಿನಿಂದ ಅಳೆಯುತ್ತ ಬಂದಿವೆ. 1958ರಲ್ಲಿ ಅಮೆರಿಕದ ರಾಲ್ಫ್ ಆಡಮ್ಸ್ ತಂದ ಈ ಎಲೆಕ್ಟ್ರೋಡ್ ಬಲು ಸರಳ. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಹಾಕಿ ಕಲ್ಲಿನಲ್ಲಿ ಅರೆಯಬೇಕು, ಸಣ್ಣ ಕೊಳವೆಗೆ ಒತ್ತಿ ತುಂಬಿ ಹಿಂದಿನಿಂದ ತಾಮ್ರದ ತಂತಿ ತೂರಿಸಬೇಕು, ತುದಿಯನ್ನು ಕಾಗದದ ಮೇಲೆ ಹೊಳಪು ಬರುವಂತೆ ಉಜ್ಜಬೇಕು. ದ್ರಾವಣದಲ್ಲಿಟ್ಟು ವೋಲ್ಟೇಜ್ ಏರಿಸುತ್ತ ಹೋದಂತೆ ಪರದೆಯ ಗೆರೆ ಒಂದೆಡೆ ಉಬ್ಬುತ್ತದೆ. ಎಲ್ಲಿ ಉಬ್ಬಿತು ಎಂಬುದರಿಂದ ವಸ್ತು ಯಾವುದೆಂದು, ಎಷ್ಟು ಉಬ್ಬಿತು ಎಂಬುದರಿಂದ ಎಷ್ಟಿದೆಯೆಂದು ತಿಳಿಯುತ್ತದೆ.

ತೊಡಕು ಶುರುವಾಗುವುದು ರಕ್ತದಲ್ಲಿ ವಿಟಮಿನ್ ಸಿ ಅಳೆಯಹೊರಟಾಗ. ಅಲ್ಲಿನ ಯೂರಿಕ್ ಆಮ್ಲವೂ ಬರಿಯ ಇಂಗಾಲದ ಮೇಲೆ ಹೆಚ್ಚುಕಡಿಮೆ ಅಲ್ಲೇ ಉಬ್ಬುತ್ತದೆ. ಆರೋಗ್ಯವಂತರ 100 ಮಿಲಿಲೀಟರ್ ಪ್ಲಾಸ್ಮಾದಲ್ಲಿ ವಿಟಮಿನ್ ಸಿ ಸುಮಾರು 1 ಮಿಲಿಗ್ರಾಂ, ಯೂರಿಕ್ ಆಮ್ಲ 3ರಿಂದ 7. ವಿಟಮಿನ್ 0.2ಕ್ಕಿಂತ ಇಳಿದರೆ ವಸಡಿನಲ್ಲಿ ರಕ್ತ ಜಿನುಗುವ ಸ್ಕರ್ವಿಯ ಅಂಚು. ಅಳೆಯಲೇಬೇಕಾದ ಆ ಹೊತ್ತಿನಲ್ಲೇ ಅದರ ಉಬ್ಬು ಪಕ್ಕದ್ದರಡಿ ಹೂತುಹೋಗುತ್ತದೆ. ಅದಕ್ಕೇ ಪೇಸ್ಟಿನ ತುದಿಗೆ ತೆಳು ಪಾಲಿಮರ್ ಪದರ ಹೊದಿಸಿ ಎರಡು ಉಬ್ಬುಗಳನ್ನು ದೂರ ಸರಿಸುತ್ತಾರೆ. ಈ ಕೆಲಸದ ಸೊಗಸೆಲ್ಲ ನನಗೆ ಕಾಣುವುದು ಇಲ್ಲೇ.

ನೆಲ್ಲಿಯೊಳಗೂ ಇಂಥ ವೇಷಧಾರಿಗಳಿವೆ. ಕಬ್ಬಿಣದ ಚಾಕುವಿನಲ್ಲಿ ಕಾಯಿ ಸೀಳಿದರೆ ಅಲಗು ನೀಲಿಗಪ್ಪಾಗುತ್ತದೆ. ಅದು ಒಗರು ಕೊಡುವ ಟ್ಯಾನಿನ್, ಗ್ಯಾಲಿಕ್ ಆಮ್ಲಗಳ ಗುರುತು. ಅವೂ ಎಲೆಕ್ಟ್ರಾನ್ ಬಿಡುತ್ತವೆ. 100 ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ವಿಟಮಿನ್ ಸಿ ಎಂದು ಹಳೆಯ ಪಟ್ಟಿಗಳು ಬರೆದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 252. ಯಾವ ಕಾಯಿ, ಯಾವ ವಿಧಾನ ಎಂದು ಕೇಳದೆ ಇಂಥ ಅಂಕಿಯನ್ನು ಒಪ್ಪಬಾರದು.

ಮತ್ತೆ ರಕ್ತಕ್ಕೆ ಬಂದರೆ, ತೆಗೆದ ರಕ್ತ ಕಾಯುವುದಿಲ್ಲ. ಗಾಳಿ, ಬಿಸಿ ತಗುಲಿದರೆ ವಿಟಮಿನ್ ಸಿ ನಾಶವಾಗುತ್ತ ಹೋಗುತ್ತದೆ. ಪ್ರಯೋಗಾಲಯದವರು ಪ್ಲಾಸ್ಮಾಕ್ಕೆ ಮೆಟಾಫಾಸ್ಫಾರಿಕ್ ಆಮ್ಲ ಬೆರೆಸಿ ಕಡುಶೀತದಲ್ಲಿ ಇಡುತ್ತಾರೆ. ಬೆಟ್ಟದ ಪೋಡಿನಿಂದ ಅಂಥ ಮಾದರಿಯನ್ನು ಕೆಡದಂತೆ ಕೆಳಗಿಳಿಸುವುದು ಸುಲಭವಲ್ಲ. ಸಕ್ಕರೆ ಕಾಯಿಲೆಯ ಗ್ಲುಕೋಮೀಟರ್ ಬಂದ ಹಾಗೆ ಈ ಎಲೆಕ್ಟ್ರೋಡಿನ ಸೆನ್ಸರೂ ಪೋಡಿಗೆ ಬರಬೇಕು. ಆದರೆ ರಕ್ತದ ಪ್ರೋಟೀನ್ ಎಲೆಕ್ಟ್ರೋಡಿಗೆ ಮೆತ್ತಿಕೊಂಡು ಅದನ್ನು ಮಂಕು ಮಾಡುತ್ತದೆ. ಪೇಸ್ಟನ್ನು ತುಸು ಹೊರತಳ್ಳಿ ಉಜ್ಜಿದರೆ ಹೊಸ ಮೈ ಸಿಗುತ್ತದೆ, ಪದರವನ್ನು ಮಾತ್ರ ಮತ್ತೆ ಹೊದಿಸಬೇಕು.

ಅಂಥ ಸೆನ್ಸರ್ ಪೋಡಿಗೆ ಬಂದ ದಿನ, ಜನರ ಒಪ್ಪಿಗೆ ಪಡೆದು ಮೊದಲು ನೋಡಬೇಕಾದದ್ದು ಚೈತ್ರ–ವೈಶಾಖದ ರಕ್ತ. ನೆಲ್ಲಿ ಮುಗಿದ ಎಷ್ಟು ವಾರಕ್ಕೆ ಮಗುವಿನ ಮೈಯಲ್ಲಿ ವಿಟಮಿನ್ ಇಳಿಯುತ್ತದೆ? ಕಾಡಿನ ಸೊಪ್ಪು ಅದನ್ನು ಎಷ್ಟರಮಟ್ಟಿಗೆ ತುಂಬಿಕೊಡುತ್ತದೆ? ಲಾಂಟಾನ ಕಳೆ ಮುಚ್ಚಿದ ಕಾಡಿನ ಪೋಡಿಗೂ, ಇನ್ನೂ ಸೊಪ್ಪು ಸಿಗುವ ಪೋಡಿಗೂ ರಕ್ತದಲ್ಲಿ ವ್ಯತ್ಯಾಸವಿದೆಯೇ?