ಸುಗ್ಗಿ: ಕುಣಿತವೇ ಪೂಜೆ

ತಲೆ ಮೇಲೆ ಬಣ್ಣದ ತುರಾಯಿ, ಕೈಯಲ್ಲಿ ಕೋಲು. ಹೋಳಿ ಮೋಜು ಅಂದ್ಕೊಂಡ್ರಾ? ಇದು ದೇವರ ಸೇವೆ!

ಅಂಕೋಲಾ, ಕಾರವಾರ ಸೀಮೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಭತ್ತ ಕಣಜ ಸೇರಿದ ಮೇಲೆ, ಫಾಲ್ಗುಣದಲ್ಲಿ ಶುರು. ಮೊದಲು ದೇವರಿಗೆ ಪೂಜೆ, ಆಮೇಲೆ ಹೆಜ್ಜೆ.

ಈ ಸದ್ದು ಕೇಳಿ: ಗುಮಟೆ! ಎರಡು ಬಾಯಿಯ ಮಣ್ಣಿನ ಮಡಕೆ. ಒಂದಕ್ಕೆ ಚರ್ಮ ಬಿಗಿದಿರ್ತಾರೆ, ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿ ತೆಗೆದರೆ ನಾದ ಏರಿಳಿಯುತ್ತೆ.

ತಂಡ ಮನೆಮನೆಯ ಅಂಗಳದಲ್ಲಿ ಕುಣಿದು ಹರಸುತ್ತೆ, ಮನೆಯವರು ಕಾಣಿಕೆ ಕೊಡ್ತಾರೆ. ಕುಣಿಯೋರು ಗಂಡಸರು. ಹಾಡಿನ ಭಂಡಾರ ಹೆಂಗಸರದ್ದೂ ಹೌದು: ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಿಕ್ಕಿತು.

ಈ ಹೋಳಿ ಹಬ್ಬಕ್ಕೆ ಅಂಕೋಲಾ ಬಳಿಯ ಬೆಳಂಬಾರಕ್ಕೆ ಬನ್ನಿ. ಚಪ್ಪಲಿ ಕಳಚಿಟ್ಟು ಸುಗ್ಗಿ ನೋಡಿ.