ಕೊರಳಪಟ್ಟಿ ತೊಟ್ಟ ಮರುದಿನ

ಜುಲೈ ತಿಂಗಳಲ್ಲಿ ಕರಾವಳಿಯ ಪತ್ರಿಕೆಗಳ ಸ್ಥಳೀಯ ಪುಟ ಬಿಡಿಸಿದರೆ ರೋಟರಿ ಪದಪ್ರದಾನದ ಚಿತ್ರಗಳೇ ಎದುರಾಗುತ್ತವೆ. ಕೊರಳಪಟ್ಟಿ ತೊಟ್ಟ ಹೊಸ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ಹಿಂದೆ ಬ್ಯಾನರು. ರೋಟರಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುವುದರಿಂದ ಅಧ್ಯಕ್ಷರ ಕೈಗೆ ಸಿಗುವುದು ಹನ್ನೆರಡೇ ತಿಂಗಳು. ಅದರಲ್ಲಿ ಮೊದಲ ಮೂರು ಮಳೆಯ ಪಾಲು. ಹೊರಗಿನ ಕೆಲಸಕ್ಕೆ ಒದಗದ ಆ ಮಳೆಗಾಲದಲ್ಲಿ ಅಧ್ಯಕ್ಷರು ಯಾರ್‍ಯಾರ ಜಗಲಿ ಹತ್ತಿ ಕೂತರು ಎಂಬುದರ ಮೇಲೆ ಉಳಿದ ಒಂಬತ್ತು ತಿಂಗಳು ನಿಂತಿವೆ ಎಂದು ನಾನು ನಂಬಿದ್ದೇನೆ. ಯುವಕ ಮಂಡಲ, ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಸಂಘದ ವಾರದ ಸಭೆ, ಭಜನಾ ಮಂಡಳಿ, ಶಾಲಾಭಿವೃದ್ಧಿ ಸಮಿತಿ, ರಿಕ್ಷಾ ನಿಲ್ದಾಣ: ಒಂದು ಊರನ್ನು ನಿಜವಾಗಿ ನಡೆಸುವವರು ಇರುವುದು ಇಲ್ಲಿ.

ರೋಟರಿ ಹುಟ್ಟಿದ್ದೇ ಪರಿಚಯದ ಹಸಿವಿನಿಂದ. ವರ್ಮಾಂಟ್ ರಾಜ್ಯದ ಸಣ್ಣ ಊರಿನಲ್ಲಿ ಬೆಳೆದ ಪಾಲ್ ಹ್ಯಾರಿಸ್ ಶಿಕಾಗೋದಲ್ಲಿ ವಕೀಲಿ ಹಿಡಿದಾಗ ಆ ದೊಡ್ಡ ನಗರದಲ್ಲಿ ಅವರಿಗೆ ತನ್ನವರೆಂಬವರು ಇರಲಿಲ್ಲ. 1900ರ ಒಂದು ಸಂಜೆ ವಕೀಲ ಮಿತ್ರರೊಬ್ಬರ ಜೊತೆ ವಾಕಿಂಗ್ ಹೊರಟರು. ಆ ಮಿತ್ರರು ದಾರಿಯ ಅಂಗಡಿ ಅಂಗಡಿಗೂ ಹೊಕ್ಕು ಮಾತಾಡಿಸಿ, ಹ್ಯಾರಿಸ್‌ರನ್ನು ಪರಿಚಯಿಸುತ್ತ ಸಾಗಿದರು. ಅದು ಅವರ ಮನಸ್ಸಿನಲ್ಲಿ ಉಳಿಯಿತು. 1905ರ ಫೆಬ್ರುವರಿ 23ರಂದು ನಾಲ್ವರು ಸೇರಿ ಮೊದಲ ಸಭೆ ನಡೆಸಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸುತ್ತುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು.

ಆ ಕ್ಲಬ್ಬಿನ ಮೊದಲ ದೊಡ್ಡ ಸಾರ್ವಜನಿಕ ಕೆಲಸ ಒಂದು ಶೌಚಾಲಯ. ಶಿಕಾಗೋದ ನಡುಪೇಟೆಯಲ್ಲಿ ಆಗ ಸಾರ್ವಜನಿಕ ಶೌಚಾಲಯವೇ ಇರಲಿಲ್ಲ. ಗಂಡಸರು ಬಿಯರ್ ಅಂಗಡಿಗೆ ಹೋಗಬೇಕು, ಹೆಂಗಸರು ದೊಡ್ಡ ಮಳಿಗೆಗಳಿಗೆ. 1907ರಲ್ಲಿ ರೋಟರಿ ಇದನ್ನು ಕೈಗೆತ್ತಿಕೊಂಡಾಗ ಬಿಯರ್ ತಯಾರಕರೂ ಮಳಿಗೆಗಳ ಮಾಲೀಕರೂ ಅಡ್ಡ ನಿಂತರು. ಗಿರಾಕಿ ತಪ್ಪುವ ಭಯ ಅವರದು. ಒಂದು ಕ್ಲಬ್ಬಿನಿಂದ ಆಗುವ ಹೋರಾಟ ಇದಲ್ಲವೆಂದು ಅರಿತ ಹ್ಯಾರಿಸ್ ನಗರದ ಇತರ ಸಂಘಗಳ ಪ್ರತಿನಿಧಿಗಳನ್ನೂ ಒಂದೆಡೆ ಕೂರಿಸಿದರು. 1909ರಲ್ಲಿ ನಗರಸಭಾ ಭವನದ ಬಳಿ ಶೌಚಾಲಯ ಎದ್ದಿತು. ಸೇವಾ ಕ್ಲಬ್ಬುಗಳ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇದು.

ನೂರು ವರ್ಷಗಳ ನಂತರ ಪಶ್ಚಿಮ ಉತ್ತರ ಪ್ರದೇಶದಲ್ಲಿ ಇದೇ ಪಾಠ ಮತ್ತೆ ಬೇಕಾಯಿತು. ಪೋಲಿಯೊ ನಿರ್ಮೂಲನೆಯನ್ನು ರೋಟರಿ 1985ರಲ್ಲೇ ತನ್ನ ಜಾಗತಿಕ ಗುರಿಯಾಗಿ ಹೊತ್ತಿತ್ತು. ಹಣವಿತ್ತು, ಲಸಿಕೆಯಿತ್ತು, ಸ್ವಯಂಸೇವಕರಿದ್ದರು. ಆದರೆ ಮೊರಾದಾಬಾದ್, ಮೇರಠ್ ಕಡೆಯ ಗಲ್ಲಿಗಳಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹನಿ ಕುಡಿದ ಮಗು ಮುಂದೆ ಬಂಜೆಯಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಮನೆಯಲ್ಲಿ ಕುಡಿಯುವ ನೀರಿಲ್ಲ, ಚರಂಡಿಯಿಲ್ಲ. ಅದನ್ನು ಕೇಳಲು ಬಾರದವರು ಎರಡು ಹನಿ ಹಾಕಲು ಮಾತ್ರ ಮತ್ತೆ ಮತ್ತೆ ಏಕೆ ಬರುತ್ತಾರೆ? ತಾಯಂದಿರ ಈ ಸಂಶಯದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಆಗ ರೋಟರಿಯ ನಾಯಕರು ಉಲೇಮಾಗಳ ಮನೆಬಾಗಿಲಿಗೆ ಹೋದರು. ವಾದಿಸಲು ಹೋಗಲಿಲ್ಲ, ಕೇಳಿಸಿಕೊಳ್ಳಲು ಹೋದರು. ಮುಸ್ಲಿಂ ಧರ್ಮಗುರುಗಳದೇ ಒಂದು ಸಮಿತಿ ರೂಪುಗೊಂಡಿತು. ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನವನ್ನು ಸಾರಲಾಯಿತು. ಅದೇ ಗಲ್ಲಿಯ ಹೆಂಗಸರು ಯೂನಿಸೆಫ್ ಕಟ್ಟಿದ ಜಾಲದ ಕಾರ್ಯಕರ್ತೆಯರಾಗಿ ಮನೆಮನೆ ಸುತ್ತಿದರು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, ಮರುವರ್ಷ 42. ಹೊಸ ಲಸಿಕೆಯೂ ಸರ್ಕಾರದ ಬಿಗಿ ನಿಗಾವೂ ಇದರ ಹಿಂದಿದ್ದವು. ಆದರೆ ಬಾಗಿಲು ತೆರೆಯದೆ ಯಾವ ಲಸಿಕೆ ಒಳಗೆ ಹೋದೀತು? 2011ರ ಜನವರಿ 13ರಂದು ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವನ್ನೂ ಒಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು.

ಹೀಗೆ ಊರಿನವರ ಕೈಗೇ ಕೆಲಸ ಒಪ್ಪಿಸುವ ಒಂದು ಕಾಯಂ ವ್ಯವಸ್ಥೆಯೂ ರೋಟರಿಯಲ್ಲಿದೆ. ನಮ್ಮಲ್ಲಿ ಅದನ್ನು ರೋಟರಿ ಸಮುದಾಯ ದಳ ಎನ್ನುತ್ತಾರೆ. ಫಿಲಿಪೀನ್ಸ್‌ನ ಎಂ.ಎ.ಟಿ. ಕಪಾರಸ್ ಅಂತಾರಾಷ್ಟ್ರೀಯ ಅಧ್ಯಕ್ಷರಾಗಿದ್ದ 1986ರಲ್ಲಿ ಇದು ಗ್ರಾಮದಳವಾಗಿ ಮೊದಲಾಯಿತು. ದಳದ ಸದಸ್ಯರು ರೊಟೇರಿಯನ್ನರಲ್ಲ. ಕೃಷಿಕರು, ಬೀಡಿ ಕಟ್ಟುವವರು, ಶಾಲೆಯ ಮೇಷ್ಟ್ರು, ಅಂಗಡಿಯವರು. ಊರಿಗೆ ಏನು ಬೇಕೆಂದು ತೀರ್ಮಾನಿಸುವವರು ಅವರು. ಕ್ಲಬ್ಬು ಜೊತೆಗೆ ನಿಲ್ಲುತ್ತದೆ. ಜಗತ್ತಿನಲ್ಲಿ ಇಂಥ ದಳಗಳು ಹತ್ತು ಸಾವಿರಕ್ಕೂ ಹೆಚ್ಚಿದ್ದು, ಬಹುಪಾಲು ಭಾರತದವು.

ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ದಳ ಊರಲ್ಲೇ ಇರುತ್ತದೆ. ಕಳೆದ ವರ್ಷ ಇಟ್ಟ ಗಿಡಕ್ಕೆ ನೀರು ಬಿದ್ದಿದೆಯೇ, ಯಾವ ಮನೆಯ ಅಜ್ಜನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಬಾಕಿ, ತೋಡಿನ ನೀರು ಯಾವ ವಾರ ಇಳಿಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುವ ಕೆಲಸವನ್ನೇ ನೋಡಿ. ಮರಳು ತುಂಬಿದ ಚೀಲ ಹೊರಲು ಆಳು ಬೇಕು, ಎರಡೂ ದಡದ ತೋಟದವರ ಒಪ್ಪಿಗೆ ಬೇಕು. ಚೀಲದ ಖರ್ಚನ್ನು ಕ್ಲಬ್ಬು ಕೊಟ್ಟೀತು. ಆದರೆ ಮನಸ್ತಾಪದಲ್ಲಿರುವ ಎರಡು ಮನೆಗಳನ್ನು ಒಂದೇ ಕಟ್ಟದ ಮೇಲೆ ತಂದು ನಿಲ್ಲಿಸುವುದು ಆ ಊರಿನ ಹಿರಿಯರಿಗೆ ಮಾತ್ರ ಸಾಧ್ಯ.

ಅದಕ್ಕೇ ಒಳ್ಳೆಯ ಅಧ್ಯಕ್ಷರು ದಳದ ಸಭೆಗೆ ಬಂದಾಗ ವೇದಿಕೆಯ ಕುರ್ಚಿ ಬೇಡವೆಂದು ಜನರ ನಡುವೆ ಬೆಂಚಿನಲ್ಲಿ ಕೂರುತ್ತಾರೆ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ಡಿಸೆಂಬರಿನ ಯಾವ ಭಾನುವಾರ ತೋಡಿಗೆ ಇಳಿಯುವುದೆಂದು ದಳದವರು ಲೆಕ್ಕ ಹಾಕುತ್ತಿದ್ದರೆ, ಅವರು ಡೈರಿ ತೆಗೆದು ಬರೆದುಕೊಳ್ಳುತ್ತಾರೆ.